ಹದಿನೈದು ದಿನದ ಹಿಂದೆ ಹೇಗಿದ್ದರು?

(ದತ್ತಿ ಉಪನ್ಯಾಸದ ಬರಹರೂಪ)



ವೈದ್ಯರೊಬ್ಬರು ವರ್ಷಕ್ಕೊಮ್ಮೆ ವೈದ್ಯರಲ್ಲದವರ ಎದುರು ನಿಂತು ಕನ್ನಡದಲ್ಲಿ ಮಾತಾಡಬೇಕು ಎಂಬುದು ಈ ದತ್ತಿಯ ಆಶಯ. ಯಾವ ವಿಷಯ ಎಂದು ಸಮಿತಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಮೂವತ್ತು ವರ್ಷ ಮೆಡಿಸಿನ್ ವಾರ್ಡಿನಲ್ಲಿ ಓಡಾಡಿದ ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಒಂದೇ. ಆಸ್ಪತ್ರೆಗೆ ಸೇರಿದ ವಯಸ್ಸಾದವರಲ್ಲಿ ಯಾರು ಮೊದಲಿನಂತೆ ಎದ್ದು ಮನೆಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂಬುದನ್ನು ಸೇರಿದ ದಿನವೇ ತಿಳಿಯಲು ಸಾಧ್ಯವೇ? ಬಹುಮಟ್ಟಿಗೆ ಸಾಧ್ಯ. ಅದಕ್ಕೆ ಸ್ಕ್ಯಾನಿಂಗ್ ಬೇಕಿಲ್ಲ, ದುಬಾರಿ ರಕ್ತಪರೀಕ್ಷೆ ಬೇಕಿಲ್ಲ.

ಅಕ್ಕಪಕ್ಕದ ಎರಡು ಹಾಸಿಗೆಗಳಿಂದ ಶುರು ಮಾಡುತ್ತೇನೆ. ಇಬ್ಬರೂ ಹೆಂಗಸರು, ಇಬ್ಬರಿಗೂ ಎಪ್ಪತ್ತಾರರ ಆಸುಪಾಸು. ಒಂದೇ ವಾರ ಸೇರಿದವರು, ಒಂದೇ ಕಾಯಿಲೆ, ನ್ಯುಮೋನಿಯಾ. ಎರಡು ಎಕ್ಸ್‌ರೇಗಳನ್ನೂ ಬೆಳಕಿಗೆ ಹಿಡಿದರೆ ಯಾವುದು ಯಾರದೆಂದು ಹೇಳುವುದು ಕಷ್ಟ. ಬಲಗಡೆ ಕೆಳಭಾಗದಲ್ಲಿ ಒಂದೇ ಬಗೆಯ ಬಿಳಿ ಮಬ್ಬು. ಅದೇ ಆಂಟಿಬಯಾಟಿಕ್, ಅದೇ ಆಕ್ಸಿಜನ್, ಅದೇ ಗ್ಲೂಕೋಸ್ ಬಾಟಲಿ. ಮೊದಲನೆಯವರು ಆರನೆಯ ದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸುತ್ತಲಿನ ಹಾಸಿಗೆಯವರಿಗೆಲ್ಲ ಹೇಳಿ, ಬಸ್ ಸ್ಟ್ಯಾಂಡಿಗೆ ನಡೆದೇ ಹೋದರು. ಎರಡನೆಯವರ ಜ್ವರವೂ ನಾಲ್ಕನೆಯ ದಿನಕ್ಕೆ ಇಳಿಯಿತು, ರಕ್ತದ ವರದಿ ಸರಿಹೋಯಿತು. ಒಂಬತ್ತನೆಯ ದಿನ ಡಿಸ್ಚಾರ್ಜ್ ಬರೆದೆ. ಮಗ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ಸಾರ್, ಬರೋವಾಗ ನಮ್ಮವ್ವ ನನ್ ಕೈ ಹಿಡ್ಕೊಂಡು ನಡ್ಕೊಂಡೇ ಬಂದ್ಲು. ಈಗ ಎದ್ದು ಕೂತ್ಕೊಳ್ಳಕ್ಕೂ ಆಗ್ತಿಲ್ಲ. ವಾಸಿ ಆಗಿದೆ ಅಂತೀರಲ್ಲ, ವಾಸಿ ಆಗಿದ್ದೇನು?’

ನನ್ನಲ್ಲಿ ಉತ್ತರವಿರಲಿಲ್ಲ. ಕೇಸ್ ಶೀಟಿನ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆ ತಾಯಿ ಮತ್ತೆ ನಡೆಯಲಿಲ್ಲ. ಹಾಸಿಗೆ ಹಿಡಿದರು, ಬೆನ್ನಿನ ಕೆಳಗೆ ಹುಣ್ಣಾಯಿತು, ಮೂರು ತಿಂಗಳಿಗೆ ತೀರಿಕೊಂಡರು. ಸುದ್ದಿ ಹೇಳಿದವರು ಅವರ ಸೊಸೆ, ತಮ್ಮ ಶುಗರ್ ತೋರಿಸಲು ಬಂದಿದ್ದಾಗ. ಅವರನ್ನು ಕೂರಿಸಿಕೊಂಡು, ಆಸ್ಪತ್ರೆಗೆ ಸೇರುವ ಮುಂಚೆ ಅತ್ತೆ ಹೇಗಿದ್ದರು ಎಂದು ಕೇಳಿದೆ. ತಡವಾಗಿ ಕೇಳಿದ ಪ್ರಶ್ನೆ. ‘ದಸರಾ ಆದ್ಮೇಲಿಂದ ಹೂ ಕಟ್ಟೋದು ಬಿಟ್ಟಿದ್ರು ಸಾರ್. ಮೊದ್ಲು ದಿನಾ ನಾಕ್ ಮೊಳ ಕಟ್ಟೋರು. ರವಿಕೆ ಎಲ್ಲ ಸಡ್ಲ ಆಗಿತ್ತು, ನಾನೇ ಹಿಡಿದು ಹೊಲ್ಕೊಟ್ಟಿದ್ದೆ. ಬಚ್ಚಲಲ್ಲಿ ಎರಡ್ ಸಲ ಬಿದ್ರು. ಅರ್ಧ ಮುದ್ದೆಗೇ ಸಾಕು ಅನ್ನೋರು.’ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ.’

ಆ ಸೊಸೆ ಓದಿದವರಲ್ಲ. ಆದರೆ ಅವರು ಹೇಳಿದ್ದರಲ್ಲಿ ಹೆಚ್ಚಿನದು ವೈದ್ಯಶಾಸ್ತ್ರದ ಬಹು ಪ್ರಸಿದ್ಧವಾದ ಒಂದು ಪಟ್ಟಿಯಲ್ಲಿದೆ. ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು 65 ದಾಟಿದ 5,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿ 2001ರಲ್ಲಿ ಐದು ಗುರುತುಗಳನ್ನು ಮುಂದಿಟ್ಟರು. ಬೇಕೆಂದು ಮಾಡದೆಯೂ ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತದ ಬಲ ಕಡಿಮೆಯಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಮ್ಮಿಯಾಗುವುದು. ಐದರಲ್ಲಿ ಮೂರು ಕಂಡರೆ ಆ ವ್ಯಕ್ತಿ ಬೀಳುವ, ಆಸ್ಪತ್ರೆ ಸೇರುವ, ಪರಾಧೀನವಾಗುವ, ಸಾಯುವ ಸಂಭವ ಉಳಿದವರಿಗಿಂತ ಹೆಚ್ಚು. ಸಡಿಲವಾದ ರವಿಕೆ ಎಂದರೆ ಇಳಿದ ತೂಕ. ಹೂ ಕಟ್ಟಲು ಬೇಕಾದದ್ದು ಬೆರಳಿನ ಬಲ ಮತ್ತು ಒಂದು ತಾಸು ಕೂರುವ ಚೈತನ್ಯ. ನಾನು ಎಕ್ಸ್‌ರೇ ನೋಡುತ್ತಿದ್ದಾಗ ಈ ತಿಳಿವಳಿಕೆಯೆಲ್ಲ ವಾರ್ಡಿನ ಬಾಗಿಲ ಹೊರಗೆ ಫ್ಲಾಸ್ಕ್ ಹಿಡಿದು ನಿಂತಿತ್ತು.

ಇಂಗ್ಲಿಷಿನವರು ಇದನ್ನು ಫ್ರೇಲ್ಟಿ ಎನ್ನುತ್ತಾರೆ. ಕನ್ನಡದಲ್ಲಿ ದುರ್ಬಲತೆ, ಜರ್ಜರತೆ ಎಂದು ಬರೆಯುವುದುಂಟು. ನನಗೆ ಮನೆಗಳಲ್ಲಿ ಆಡುವ ಮಾತೇ ಸರಿಯೆನಿಸುತ್ತದೆ: ‘ಅಜ್ಜ ಈಚೆಗೆ ಬಹಳ ಕುಗ್ಗಿಬಿಟ್ಟಿದ್ದಾರೆ.’ ಕುಗ್ಗುವುದು ಒಂದು ಕಾಯಿಲೆಯ ಹೆಸರಲ್ಲ. ಬಿ.ಪಿ., ಶುಗರ್, ಮಂಡಿನೋವು, ಕಣ್ಣಿನ ಪೊರೆ, ಒಂಟಿತನ, ಹಲ್ಲಿಲ್ಲದ ಬಾಯಿ, ಹೀಗೆ ಹತ್ತು ಕಡೆಯಿಂದ ಸೋರಿ ಸೋರಿ ದೇಹದ ಉಳಿತಾಯ ಖಾಲಿಯಾಗುವ ಸ್ಥಿತಿ. ಕೂಡಿಟ್ಟದ್ದು ಕರಗಿದ ಮನೆ ದಿನದ ಖರ್ಚನ್ನು ಹೇಗೋ ತೂಗಿಸುತ್ತದೆ, ನೋಡುವವರಿಗೆ ಏನೂ ತಿಳಿಯುವುದಿಲ್ಲ. ಒಂದು ಮದುವೆಯೋ ಒಂದು ಸಾವೋ ಬಂದಾಗ ಮುಗ್ಗರಿಸುತ್ತದೆ. ಕುಗ್ಗಿದ ಮೈಗೆ ಒಂದು ಮೂತ್ರದ ಸೋಂಕು, ಒಂದು ಹೊಸ ಮಾತ್ರೆ, ಮೂರು ದಿನದ ಭೇದಿ ಸಾಕು.

ಹಾಗಾದರೆ ವಯಸ್ಸು? ವಯಸ್ಸು ಒಳ್ಳೆಯ ಅಳತೆಗೋಲಲ್ಲ. ಎಂಬತ್ತೆಂಟರಲ್ಲಿ ತೋಟಕ್ಕೆ ಹೋಗಿ ಬರುವವರಿದ್ದಾರೆ, ಅರವತ್ತಾರಕ್ಕೇ ಕುಗ್ಗಿದವರಿದ್ದಾರೆ. ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿರುವ ಡಲ್‌ಹೌಸಿ ವಿಶ್ವವಿದ್ಯಾಲಯದ ಕೆನೆತ್ ರಾಕ್‌ವುಡ್ ಬಳಗ 2005ರಲ್ಲಿ ಪ್ರಕಟಿಸಿದ ಮಾಪನವೊಂದು ಇಂದು ಲೋಕದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಮೊದಲು 7 ಮೆಟ್ಟಿಲಿದ್ದವು, ಆಮೇಲೆ 9 ಆದವು. ಒಂದು ಎಂದರೆ ಗಟ್ಟಿಮುಟ್ಟು. ನಾಲ್ಕರಲ್ಲಿ ಮನುಷ್ಯ ಸ್ವತಂತ್ರನೇ, ಆದರೆ ದಿನವೆಲ್ಲ ಆಯಾಸ. ಐದಕ್ಕೆ ಹೊರಗಿನ ವ್ಯವಹಾರಕ್ಕೆ, ಭಾರದ ಮನೆಗೆಲಸಕ್ಕೆ ಇನ್ನೊಬ್ಬರು ಬೇಕು. ಆರಕ್ಕೆ ಸ್ನಾನಕ್ಕೂ ಆಸರೆ ಬೇಕು. ಏಳಕ್ಕೆ ಮೈಯ ಎಲ್ಲ ಆರೈಕೆಗೂ ಬೇರೆಯವರು ಬೇಕು. ಒಂಬತ್ತು ಎಂದರೆ ಜೀವದ ಕೊನೆಯ ತಿಂಗಳುಗಳು. ಮೆಟ್ಟಿಲು ಏರಿದಷ್ಟೂ ಅಪಾಯ ಏರುತ್ತದೆ.

ಈ ಮಾಪನದಲ್ಲಿ ನನಗೆ ಬಹಳ ಹಿಡಿಸಿದ ಸೂಚನೆ ಒಂದಿದೆ. ಹಾಸಿಗೆಯ ಮೇಲೆ ಮಲಗಿರುವ ಈಗಿನ ಸ್ಥಿತಿಗೆ ಅಂಕ ಕೊಡಬೇಡಿ, ಈ ಕಾಯಿಲೆ ಬರುವುದಕ್ಕೆ ಮುಂಚೆ, ಸುಮಾರು ಎರಡು ವಾರದ ಹಿಂದೆ ಹೇಗಿದ್ದರೋ ಅದಕ್ಕೆ ಕೊಡಿ. ಕಾರಣ ಸರಳ. ಜ್ವರದಲ್ಲಿ ನಡುಗುತ್ತಿರುವಾಗ ಗಟ್ಟಿಮುಟ್ಟಾದವರೂ ಜರ್ಜರರಾಗಿಯೇ ಕಾಣುತ್ತಾರೆ. ಕ್ಯಾಶುವಾಲ್ಟಿಯಲ್ಲಿ ಕಾಣುವುದು ಕಾಯಿಲೆಯ ಮುಖ. ಮನುಷ್ಯನ ಮುಖ ಹದಿನೈದು ದಿನದ ಹಿಂದಿನದು.

ಈ ಪ್ರಶ್ನೆಯನ್ನು ನಮ್ಮ ಮನೆಗಳಿಗೆ ತರುವಾಗ ಎಚ್ಚರ ಬೇಕು. ‘ಅಡುಗೆ ಮಾಡುತ್ತಿದ್ದರೇ? ಬ್ಯಾಂಕಿಗೆ ಹೋಗುತ್ತಿದ್ದರೇ?’ ಎಂದು ಪಾಶ್ಚಾತ್ಯರ ಹಾಳೆಯಲ್ಲಿದ್ದಂತೆ ಕೇಳಿದರೆ ನಮ್ಮಲ್ಲಿ ಅರ್ಧಕ್ಕರ್ಧ ಉತ್ತರ ತಪ್ಪಾಗುತ್ತದೆ. ಸೊಸೆ ಬಂದ ಮೇಲೆ ಅಡುಗೆಮನೆಯನ್ನು ಬಿಟ್ಟುಕೊಟ್ಟ ಅತ್ತೆ ಶಕ್ತಿಯಿಲ್ಲದೆ ಬಿಟ್ಟವರಲ್ಲ. ಜೀವಮಾನದಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸು ಈಗ ಹತ್ತುವುದಿಲ್ಲ ಎಂದರೆ ಅದು ಕುಗ್ಗಿದ ಲಕ್ಷಣವಲ್ಲ. ಅದಕ್ಕೇ ನಾನು ಬೇರೆ ದಾರಿ ಹಿಡಿದೆ. ‘ಏನು ಮಾಡುತ್ತಾರೆ?’ ಎನ್ನುವುದಕ್ಕಿಂತ ‘ಏನನ್ನು ಬಿಟ್ಟರು, ಯಾವಾಗ ಬಿಟ್ಟರು?’ ಎಂದು ಕೇಳುತ್ತೇನೆ.

ಈ ಪ್ರಶ್ನೆಗೆ ನಮ್ಮ ಜನ ಕೊಡುವ ಉತ್ತರ ಯಾವ ಯಂತ್ರಕ್ಕೂ ಕಡಿಮೆಯದಲ್ಲ. ‘ಶಿವರಾತ್ರಿವರೆಗೂ ಹಸುಗೆ ಹುಲ್ಲು ಹಾಕೋರು, ಆಮೇಲೆ ಇಲ್ಲ.’ ‘ಮೊಮ್ಮಗಳನ್ನ ಸ್ಕೂಲಿಗೆ ಬಿಡೋದು ಈ ಜೂನ್‌ನಿಂದ ನಿಲ್ಸಿದಾರೆ.’ ‘ಸೊಸೈಟಿ ಅಕ್ಕಿ ತರೋಕೆ ಅವರೇ ಹೋಗೋರು, ಹೆಬ್ಬೆಟ್ಟು ಒತ್ತಿ ಬರೋರು. ಎರಡು ತಿಂಗಳಿಂದ ನಾವೇ ಆಟೋದಲ್ಲಿ ಕರ್ಕೊಂಡು ಹೋಗ್ತೀವಿ.’ ‘ಸೋಮವಾರ ದೇವಸ್ಥಾನ ತಪ್ಪಿಸ್ತಿರ್ಲಿಲ್ಲ, ಈಗ ಜಗಲಿ ಮೇಲಿಂದಲೇ ಕೈ ಮುಗೀತಾರೆ.’ ಅವರ ಕ್ಯಾಲೆಂಡರ್ ಹಬ್ಬದ ಕ್ಯಾಲೆಂಡರ್. ಇಳಿಜಾರು ಎಲ್ಲಿಂದ ಶುರುವಾಯಿತು, ಎಷ್ಟು ಕಡಿದಾಗಿದೆ ಎಂಬುದು ಐದು ನಿಮಿಷದಲ್ಲಿ ಕಣ್ಣಿಗೆ ಕಟ್ಟುತ್ತದೆ. ಯುಗಾದಿಯಿಂದ ದೀಪಾವಳಿಯೊಳಗೆ ತೋಟ ಬಿಟ್ಟು, ದೇವಸ್ಥಾನ ಬಿಟ್ಟು, ಊಟದ ಮನೆಗೆ ಬರುವುದನ್ನೂ ಬಿಟ್ಟವರು ಜ್ವರವೆಂದು ಬಂದರೆ, ಜ್ವರಕ್ಕೆ ಮದ್ದು ಕೊಟ್ಟು ಕೈತೊಳೆದುಕೊಳ್ಳಲಾಗದು.

ಇನ್ನೊಂದು ಸಾಧನ ಟೈಲರ್ ಟೇಪು. ಕಾಲಿನ ಮೀನಖಂಡದ ದಪ್ಪಗಿನ ಭಾಗದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ತೂಕ ಎತ್ತರ ಅಳೆಯಲಾಗದ ವಯಸ್ಸಾದ ರೋಗಿಯಲ್ಲಿ ಅದು ಪೋಷಣೆ ಸಾಲದ ಗುರುತು. ವಯಸ್ಸಾದವರ ಪೋಷಣೆ ಅಳೆಯುವ, ಬಹಳ ಕಡೆ ಬಳಕೆಯಲ್ಲಿರುವ ಪ್ರಶ್ನಾವಳಿಯಲ್ಲೇ ಈ ಅಳತೆ ಇದೆ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಏಪ್ರನ್ ಜೇಬಿನಲ್ಲಿ ಟೇಪನ್ನು ಸುರುಳಿ ಸುತ್ತಿ ಇಟ್ಟುಕೊಂಡಿರುತ್ತಿದ್ದರು. ಅವರು ‘ಸಾರ್, ಹನ್ನೆರಡನೇ ಬೆಡ್ಡು ಇಪ್ಪತ್ತೇಳು’ ಎಂದರೆ ನಾನು ಮೊದಲು ಅಲ್ಲಿಗೇ ಹೋಗುತ್ತಿದ್ದೆ.

ಈಗ ಸನ್ನಿಯ ಮಾತು. ಡೆಲಿರಿಯಂ ಎಂದು ಇಂಗ್ಲಿಷಿನಲ್ಲಿ ಹೇಳುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಸನ್ನಿ. ಈಗ ಆ ಪದ ಮರೆಯಾಗಿ ಎಲ್ಲವನ್ನೂ ಅರಳುಮರಳು ಎಂದುಬಿಡುತ್ತೇವೆ. ಇದು ಜೀವಕ್ಕೇ ಕುತ್ತಾಗುವ ತಪ್ಪು. ಅರಳುಮರಳು ವರ್ಷಗಳಲ್ಲಿ ಬರುತ್ತದೆ, ಸನ್ನಿ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಬೆಳಿಗ್ಗೆ ಸರಿಯಿದ್ದವರು ಸಂಜೆ ಸೊಸೆಯನ್ನು ತಂಗಿಯೆಂದು ಕರೆಯುತ್ತಾರೆ, ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಾರೆ, ಡ್ರಿಪ್ಪಿನ ಸೂಜಿ ಕೀಳುತ್ತಾರೆ. ಹೀಗೆ ಗದ್ದಲ ಮಾಡುವವರು ಹೇಗೂ ಗಮನಕ್ಕೆ ಬರುತ್ತಾರೆ. ಹೆಚ್ಚು ಅಪಾಯದಲ್ಲಿರುವವರು ಸುಮ್ಮನೆ ಮಲಗಿರುವವರು. ‘ಅಜ್ಜಿ ಬಹಳ ಒಳ್ಳೆಯವರು, ಯಾವ ತಂಟೆಯೂ ಇಲ್ಲ’ ಎಂದು ವಾರ್ಡಿನವರು ಹೊಗಳಿದಾಗಲೆಲ್ಲ ನಾನು ಆ ಹಾಸಿಗೆಯ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುವುದು, ಅರ್ಧ ಮಾತಿನಲ್ಲೇ ಎಳೆ ತಪ್ಪುವುದು, ತುತ್ತನ್ನು ಬಾಯಲ್ಲಿಟ್ಟುಕೊಂಡೇ ನುಂಗಲು ಮರೆಯುವುದು, ಇವೆಲ್ಲ ಸನ್ನಿಯೇ. ಎಲ್ಲೋ ಸೋಂಕಿದೆ, ಸೋಡಿಯಂ ಇಳಿದಿದೆ, ಮಲ ಕಟ್ಟಿದೆ, ಮೂತ್ರ ನಿಂತಿದೆ, ಇಲ್ಲವೇ ನಾವೇ ಕೊಟ್ಟ ಮಾತ್ರೆ ಒಗ್ಗಿಲ್ಲ ಎಂದು ಮಿದುಳು ಕೂಗಿ ಹೇಳುತ್ತಿದೆ. ವಯಸ್ಸಾದವರಲ್ಲಿ ನ್ಯುಮೋನಿಯಾ ಕೆಮ್ಮು ಜ್ವರವಿಲ್ಲದೆ ಬರುವುದುಂಟು. ಊಟ ಬಿಟ್ಟದ್ದು, ಬಿದ್ದದ್ದು, ಸನ್ನಿ, ಇಷ್ಟೇ ಅದರ ಲಕ್ಷಣವಾಗಿರಬಹುದು.

ಸನ್ನಿಯನ್ನು ಗುರುತಿಸಲು ಅಮೆರಿಕದ ವೈದ್ಯೆ ಶೆರನ್ ಇನೌಯೆ 1990ರಲ್ಲಿ ಒಂದು ಕ್ರಮವನ್ನು ರೂಪಿಸಿದರು. ಈಗ ಎಡಿನ್‌ಬರೋದ ವೈದ್ಯರು ಸಿದ್ಧಪಡಿಸಿದ, ಎರಡು ನಿಮಿಷದಲ್ಲಿ ಮುಗಿಯುವ 4ಎಟಿ ಹೆಚ್ಚು ಬಳಕೆಯಲ್ಲಿದೆ. ಎಚ್ಚರ ಹೇಗಿದೆ, ವಯಸ್ಸು, ಜನ್ಮದಿನ, ಸ್ಥಳ, ಇಸವಿ ಗೊತ್ತೇ, ತಿಂಗಳುಗಳನ್ನು ಹಿಂದುಮುಂದಾಗಿ ಹೇಳಬಲ್ಲರೇ, ಇದು ಹಠಾತ್ತನೆ ಬಂದದ್ದೇ, ಇಷ್ಟನ್ನು ಅದು ನೋಡುತ್ತದೆ. ಇಲ್ಲಿಯೂ ನಮ್ಮ ನೆಲದ ಅರಿವಿಲ್ಲದೆ ಅಂಕ ಹಾಕಬಾರದು. ನಮ್ಮ ಎಷ್ಟೋ ಹಿರಿಯರ ಆಧಾರ್ ಕಾರ್ಡಿನಲ್ಲಿ ಜನ್ಮದಿನ ಜನವರಿ 1 ಎಂದಿರುತ್ತದೆ. ಅದು ಅವರು ಹೇಳಿದ್ದಲ್ಲ, ಬರೆದವರು ಹಾಕಿದ್ದು. ಹುಟ್ಟಿದ ದಿನ ಗೊತ್ತಿಲ್ಲ ಎಂದ ಮಾತ್ರಕ್ಕೆ ಬುದ್ಧಿ ಮಸುಕಾಗಿದೆಯೆಂದು ಬರೆದರೆ ಅನ್ಯಾಯ. ಭಾನುವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿ ಎನ್ನುತ್ತೇನೆ. ‘ಭಾನುವಾರ, ಶನಿವಾರ...’ ಎಂದು ಶುರುಮಾಡಿ ಸೋಮವಾರ ಮುಟ್ಟಿದರೆ ಗಮನಶಕ್ತಿ ಸ್ವಸ್ಥವಾಗಿದೆ. ಶುಕ್ರವಾರದ ಹೊತ್ತಿಗೆ ‘ಏನ್ ಕೇಳಿದ್ರಿ?’ ಎಂದರೆ ಎಚ್ಚೆತ್ತುಕೊಳ್ಳುತ್ತೇನೆ. ಮರೆವಿನ ವಿವರವಾದ ಪರೀಕ್ಷೆಗಳನ್ನು ಐಸಿಎಂಆರ್ ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಒರೆಗೆ ಹಚ್ಚಿ ಸಿದ್ಧಪಡಿಸಿದೆ. ಸಂತೋಷದ ವಿಷಯ. ಆದರೆ ಅವು ಕ್ಲಿನಿಕ್ಕಿಗೆ. ರಾತ್ರಿ ಎರಡು ಗಂಟೆಯ ವಾರ್ಡಿಗೆ ವಾರಗಳ ಹೆಸರೇ ಸಾಕು.

ಆಸ್ಪತ್ರೆಯ ಹಾಸಿಗೆಯೂ ಒಂದು ಅಪಾಯ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಲಂಡನ್ನಿನ ವೈದ್ಯ ರಿಚರ್ಡ್ ಆಶರ್ 1947ರಲ್ಲೇ ಇದನ್ನು ಬರೆದು ಎಚ್ಚರಿಸಿದ್ದರು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಸಣ್ಣ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯು ಕರಗಿತ್ತು. ಕಾಯಿಲೆಯಿರಲಿಲ್ಲ, ಉಪವಾಸವಿರಲಿಲ್ಲ, ಬರೀ ಮಲಗಿದ್ದು. ಇನ್ನು ಜ್ವರವಿದ್ದು, ಬ್ರೆಡ್ಡು ಎಳನೀರಿನ ಮೇಲೆ ದಿನ ತಳ್ಳುತ್ತಾ, ಮೂತ್ರಕ್ಕೆ ಪೈಪು ಹಾಕಿಸಿಕೊಂಡು ಮಲಗಿದವರ ಗತಿ? ಆಸ್ಪತ್ರೆ ಸೇರಿದ 70 ದಾಟಿದ 2,293 ಜನರನ್ನು ಅಭ್ಯಸಿಸಿ ಕೆನೆತ್ ಕೊವಿನ್‌ಸ್ಕಿ ಬಳಗ 2003ರಲ್ಲಿ ವರದಿ ಮಾಡಿತು. ಸ್ನಾನ, ಉಡುಗೆ, ಶೌಚ, ಊಟದಂಥ ದಿನದ ಕೆಲಸಗಳಲ್ಲಿ ನೂರಕ್ಕೆ 35 ಜನ ಕಾಯಿಲೆಗೆ ಎರಡು ವಾರ ಮುಂಚೆ ಇದ್ದುದಕ್ಕಿಂತ ಕೀಳು ಸ್ಥಿತಿಯಲ್ಲಿ ಮನೆಗೆ ಹೋದರು. ಆ ಮಗ ನನ್ನನ್ನು ಕೇಳಿದ ಪ್ರಶ್ನೆಯನ್ನು ಕೇಳಬಹುದಾದವರು ಮೂವರಲ್ಲಿ ಒಬ್ಬರು.

ಯಾರು ಈ ಮೂವರಲ್ಲಿ ಒಬ್ಬರಾಗುತ್ತಾರೆ ಎಂದು ಮುಂಚೆಯೇ ಹೇಳಲು ಹತ್ತಾರು ಪಟ್ಟಿಗಳಿವೆ. ಮಾಂಟ್ರಿಯಲ್‌ನ ಜೇನ್ ಮೆಕಸ್ಕರ್ 1999ರಲ್ಲಿ ತುರ್ತು ವಿಭಾಗಕ್ಕೆಂದು ರೂಪಿಸಿದ್ದು ಆರೇ ಪ್ರಶ್ನೆಗಳದು. ಮುಂಚೆಯೂ ಇನ್ನೊಬ್ಬರ ನೆರವು ಬೇಕಿತ್ತೇ, ಕಾಯಿಲೆ ಬಂದ ಮೇಲೆ ನೆರವು ಹೆಚ್ಚು ಬೇಕಾಯಿತೇ, ಆರು ತಿಂಗಳಲ್ಲಿ ಆಸ್ಪತ್ರೆ ಸೇರಿದ್ದರೇ, ಕಣ್ಣು ಸರಿ ಕಾಣುತ್ತದೆಯೇ, ಮರೆವು ತೀವ್ರವಾಗಿದೆಯೇ, ದಿನಕ್ಕೆ ಮೂರಕ್ಕಿಂತ ಹೆಚ್ಚು ಬಗೆಯ ಮದ್ದು ನುಂಗುತ್ತಾರೆಯೇ? ಎರಡಕ್ಕೆ ತೊಂದರೆಯ ಉತ್ತರ ಬಂದರೆ ಎಚ್ಚರ. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವ ರೋಗಸಂಕೇತಗಳಿಂದಲೇ ಅಂಕ ಲೆಕ್ಕ ಹಾಕುವ ಪದ್ಧತಿಯೂ 2018ರಿಂದ ಇದೆ. ನಮ್ಮಲ್ಲಿ ಹಳೆಯ ದಾಖಲೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಬರುವುದರಿಂದ ಅದು ಸದ್ಯಕ್ಕೆ ದೂರದ ಮಾತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಯಾವ ಪಟ್ಟಿಯೂ ಭವಿಷ್ಯ ಹೇಳುವುದಿಲ್ಲ. ಅಪಾಯದಲ್ಲಿದ್ದಾರೆ ಎಂದು ಪಟ್ಟಿ ಸೂಚಿಸಿದ ಬಹಳಷ್ಟು ಜನ ಚೆನ್ನಾಗಿಯೇ ಮನೆಗೆ ಹೋಗುತ್ತಾರೆ. ಯಾರ ಹಾಸಿಗೆಯ ಬಳಿ ಹೆಚ್ಚು ಹೊತ್ತು ನಿಲ್ಲಬೇಕು ಎಂದು ತೋರಿಸುವುದು ಪಟ್ಟಿಯ ಕೆಲಸ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2020ರ ಮಾರ್ಚಿನಲ್ಲಿ ಕೋವಿಡ್ ಏರುತ್ತಿದ್ದಾಗ ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಐಸಿಯು ನಿರ್ಧಾರಗಳಿಗೆ ಇದೇ ರಾಕ್‌ವುಡ್ ಮಾಪನವನ್ನು ಬಳಸಲು ಸೂಚಿಸಿತು. ಅಂಗವಿಕಲರ, ಆಟಿಸಂ ಇರುವವರ ಕುಟುಂಬಗಳು ಕಂಗಾಲಾದವು. ಬೇರೆಯವರ ನೆರವಿನಿಂದಲೇ ಬದುಕುವ ಆರೋಗ್ಯವಂತ ತರುಣನಿಗೂ ಅದರಲ್ಲಿ ಏಳರ ಅಂಕ ಬೀಳುತ್ತದಲ್ಲ! ಕೆಲವೇ ದಿನಗಳಲ್ಲಿ ಸಂಸ್ಥೆ ಸೂಚನೆಯನ್ನು ತಿದ್ದಿತು. ಮಾಪನ ಚಿಕ್ಕ ವಯಸ್ಸಿನವರಿಗಲ್ಲ, ಸ್ಥಿರವಾದ ಅಂಗವೈಕಲ್ಯ ಇರುವವರಿಗಲ್ಲ ಎಂದು ಸ್ಪಷ್ಟಪಡಿಸಿತು. ಅಂಕೆಯೊಂದು ಕೈಗೆ ಸಿಕ್ಕಾಗ ಬಾಗಿಲು ಮುಚ್ಚಲು ಅದನ್ನು ಬಳಸುವ ಸೆಳೆತ ಎಲ್ಲ ಕಡೆಯೂ ಇದೆ, ನಮ್ಮಲ್ಲೂ ಇದೆ. ‘ವಯಸ್ಸಾಯ್ತು, ಇನ್ನೇನು ಮಾಡೋದು, ಮನೆಗೆ ಕರ್ಕೊಂಡು ಹೋಗಿ’ ಎಂಬ ಮಾತನ್ನು ಮಾಪನದ ಹೆಸರಲ್ಲಿ ಹೇಳುವುದಾದರೆ ಆ ಮಾಪನವೇ ಬೇಡ. ಕುಗ್ಗಿದವರೆಂದು ಗುರುತಿಸುವುದು ಕಡಿಮೆ ಮಾಡುವುದಕ್ಕಲ್ಲ, ಬೇರೆ ರೀತಿಯಲ್ಲಿ ಹೆಚ್ಚು ಮಾಡುವುದಕ್ಕೆ. ಕೊನೆಯ ಮೆಟ್ಟಿಲಲ್ಲಿರುವವರಿಗೆ ನೋವಿಲ್ಲದ, ಮನೆಯವರ ನಡುವಿನ ದಿನಗಳನ್ನು ಕೊಡಿಸುವುದೂ ಅದರೊಳಗೇ ಬರುತ್ತದೆ.

ಹೆಚ್ಚು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿ ಮಾರ್ಜರಿ ವಾರೆನ್ ಎಂಬ ವೈದ್ಯೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಆಸರೆಮನೆಯ ರೋಗಿಗಳನ್ನು ವಹಿಸಿಕೊಂಡಾಗ 714 ಹಾಸಿಗೆಗಳ ಹೊಣೆ ಅವರ ಮೇಲೆ ಬಿತ್ತು. ವಾಸಿಯಾಗದವರೆಂದು ಕೈಬಿಟ್ಟು, ವರ್ಷಗಟ್ಟಲೆ ಮಲಗಿಸಿದ್ದ ಜನ. ವಾರೆನ್ ಒಬ್ಬೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿದರು, ಯಾರಿಗೆ ಏನು ಬೇಕೆಂದು ವಿಂಗಡಿಸಿದರು, ಎಬ್ಬಿಸಿ ಕೂರಿಸಿದರು, ನಡೆಸಿದರು. ಎಷ್ಟೋ ಜನ ಎದ್ದು ಮನೆಗೆ ಹೋದರು. ಇಂದು ವೃದ್ಧರ ವೈದ್ಯಶಾಸ್ತ್ರ ನಿಂತಿರುವುದು ಆ ವಿಂಗಡಣೆಯ ಮೇಲೆ. ಹೀಗೆ ದೇಹ, ಮನಸ್ಸು, ಮನೆಯ ಸ್ಥಿತಿ ಮೂರನ್ನೂ ಕೂಡಿಸಿ ನೋಡಿ ಆರೈಕೆ ಮಾಡಿದ 29 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 2017ರಲ್ಲಿ ಒಟ್ಟುಗೂಡಿಸಿತು. ಒಂಬತ್ತು ದೇಶಗಳ 13,766 ಜನ. ಹಾಗೆ ಆರೈಕೆ ಪಡೆದವರು ತಿಂಗಳುಗಳ ನಂತರವೂ ಬದುಕಿ ತಮ್ಮ ಮನೆಯಲ್ಲೇ ಇರುವ ಸಂಭವ ಹೆಚ್ಚು ಎಂದು ಕಂಡಿತು.

ಯೇಲ್ ವಿಶ್ವವಿದ್ಯಾಲಯದಲ್ಲಿ ಇನೌಯೆ ಮಾಡಿದ ಪ್ರಯೋಗ ನನಗೆ ಅದಕ್ಕಿಂತ ಪ್ರಿಯವಾದದ್ದು, ಏಕೆಂದರೆ ಅದರಲ್ಲಿ ನಾವು ಮಾಡಲಾಗದ್ದು ಏನೂ ಇಲ್ಲ. 70 ದಾಟಿದ 852 ರೋಗಿಗಳು. ಅವರಲ್ಲಿ ಒಂದು ಗುಂಪಿಗೆ ದಿನಕ್ಕೆ ಕೆಲವು ಸಲ ಎಲ್ಲಿದ್ದೀರಿ, ಇವತ್ತು ಯಾವ ದಿನ ಎಂದು ನೆನಪಿಸಿದರು. ಕನ್ನಡಕ, ಕಿವಿಯ ಯಂತ್ರ ಕೊಟ್ಟರು. ನೀರು ಕುಡಿಸಿದರು. ಎಬ್ಬಿಸಿ ನಡೆಸಿದರು. ನಿದ್ದೆಯ ಮಾತ್ರೆಯ ಬದಲು ಬಿಸಿ ಹಾಲು ಕೊಟ್ಟು, ಬೆನ್ನು ನೀವಿ, ವಾರ್ಡಿನ ಸದ್ದು ತಗ್ಗಿಸಿದರು. ಸನ್ನಿ ಬಂದವರು ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15, ಇಲ್ಲಿ 9.9. ಇದು ಪ್ರಕಟವಾದದ್ದು 1999ರಲ್ಲಿ. ಸ್ಪೇನಿನ ಪಾಂಪ್ಲೋನಾದಲ್ಲಿ ಸರಾಸರಿ 87 ವಯಸ್ಸಿನ 370 ರೋಗಿಗಳ ಮೇಲೆ ಪ್ರಯೋಗ ನಡೆಸಿ, ಅವರಲ್ಲಿ ಒಂದು ಗುಂಪಿಗೆ ಆಸ್ಪತ್ರೆಯಲ್ಲೇ ದಿನವೂ ವ್ಯಾಯಾಮ ಮಾಡಿಸಿದರು. 2019ರಲ್ಲಿ ಬಂದ ವರದಿಯ ಪ್ರಕಾರ ಆ ಗುಂಪಿನವರು ಮಲಗಿ ಕುಗ್ಗುವ ಬದಲು ಚೇತರಿಸಿಕೊಂಡರು.

ನಮ್ಮಲ್ಲಿಯೂ ಕೆಲಸ ಶುರುವಾಗಿಲ್ಲವೆಂದಲ್ಲ. ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ 1978ರಷ್ಟು ಹಿಂದೆಯೇ ವೃದ್ಧರಿಗಾಗಿ ಹೊರರೋಗಿ ವಿಭಾಗ ತೆರೆದರು. 2010-11ರಲ್ಲಿ ಕೇಂದ್ರ ಸರ್ಕಾರ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು, ಜಿಲ್ಲಾ ಆಸ್ಪತ್ರೆಗಳಲ್ಲಿ ಹತ್ತು ಹಾಸಿಗೆಯ ಪ್ರತ್ಯೇಕ ವಾರ್ಡು ಅದರ ಭಾಗ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ. ಅವರೆಲ್ಲರೂ ಕಾಯಿಲೆ ಬಿದ್ದಾಗ ಹತ್ತು ಹಾಸಿಗೆಯ ವಾರ್ಡಿಗೆ ಬರುವುದಿಲ್ಲ. ಮೂಳೆ ವಾರ್ಡಿಗೆ, ಕಣ್ಣಿನ ವಾರ್ಡಿಗೆ, ಸರ್ಜರಿಗೆ, ಮೆಡಿಸಿನ್ನಿಗೆ ಬರುತ್ತಾರೆ. ಆದ್ದರಿಂದ ಹದಿನೈದು ದಿನದ ಹಿಂದಿನ ಪ್ರಶ್ನೆಯನ್ನು ವೃದ್ಧರ ತಜ್ಞರೇ ಕೇಳಲಿ ಎಂದು ಕಾಯಬಾರದು. ಕೇಸ್ ಶೀಟಿನ ಮೊದಲ ಪುಟದಲ್ಲಿ, ಬಿ.ಪಿ. ಬರೆಯುವ ಸಾಲಿನ ಪಕ್ಕದಲ್ಲೇ, ಅದಕ್ಕೊಂದು ಸಾಲು ಇರಬೇಕು. ಇಲ್ಲಿ ಕುಳಿತಿರುವ ವೈದ್ಯ ಮಿತ್ರರಲ್ಲಿ, ಹೌಸ್ ಸರ್ಜನ್ ಮಕ್ಕಳಲ್ಲಿ ನನ್ನ ಕೋರಿಕೆ ಅದೊಂದೇ.

ನಮ್ಮ ವಾರ್ಡುಗಳಲ್ಲಿ ಸಿಸ್ಟರ್‌ಗಳು ಕಡಿಮೆ, ಫಿಸಿಯೋಥೆರಪಿಯವರು ಇನ್ನೂ ಕಡಿಮೆ. ಆದರೆ ನಮ್ಮಲ್ಲಿ ಪ್ರತಿ ಹಾಸಿಗೆಯ ಪಕ್ಕದಲ್ಲೂ ಚಾಪೆ ಹಾಸಿಕೊಂಡು ಮಲಗುವ ಮಗಳೋ ಸೊಸೆಯೋ ತಮ್ಮನೋ ಇರುತ್ತಾರೆ. ಅವರನ್ನು ನಾವು ‘ಹೊರಗೆ ಹೋಗಿ, ರೌಂಡ್ಸ್ ಟೈಮು’ ಎಂದು ಓಡಿಸುತ್ತೇವೆ. ರೋಗಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ತಿಳಿದವರನ್ನು ರೋಗಿಯ ವಿಷಯ ಮಾತಾಡುವ ಹೊತ್ತಿನಲ್ಲೇ ಹೊರಗೆ ಕಳಿಸುವುದು ತಪ್ಪು. ಹಲವು ವರ್ಷ ನಾನೂ ಆ ತಪ್ಪು ಮಾಡಿದ್ದೇನೆ.

ಕೊನೆಯದಾಗಿ, ಇಲ್ಲಿರುವ ಮನೆಮಂದಿಗೆ ಒಂದೆರಡು ಮಾತು. ಅಪ್ಪನನ್ನೋ ಅಮ್ಮನನ್ನೋ ಆಸ್ಪತ್ರೆಗೆ ಸೇರಿಸುವಾಗ, ಕಳೆದುಹೋದೀತೆಂದು ಕನ್ನಡಕವನ್ನೂ ಹಲ್ಲುಸೆಟ್ಟನ್ನೂ ಮನೆಯ ಬೀರುವಿನಲ್ಲಿಟ್ಟು ಬರಬೇಡಿ. ನಿಮ್ಮನ್ನು ನೋಡಲು, ನೀವು ಕೊಟ್ಟದ್ದನ್ನು ಅಗಿಯಲು ಅವರಿಗೆ ಅವು ಬೇಕು. ನುಂಗುವ ಎಲ್ಲ ಮಾತ್ರೆಗಳನ್ನೂ, ಆಯುರ್ವೇದದ್ದೂ ಸೇರಿಸಿ, ಒಂದೇ ಚೀಲದಲ್ಲಿ ತನ್ನಿ. ಗಂಜಿಯ ಜೊತೆಗೆ ಮೊಟ್ಟೆಯೋ ಬೇಳೆಯೋ ಮೊಸರೋ ಕೊಡಬಹುದೇ ಎಂದು ಕೇಳಿ. ಎದ್ದು ಕೂರಿಸಬಹುದೇ, ಬಾಗಿಲವರೆಗೆ ನಡೆಸಬಹುದೇ ಎಂದು ಪ್ರತಿದಿನ ಕೇಳಿ. ಮೂತ್ರದ ಪೈಪು ಇನ್ನೂ ಬೇಕೇ ಎಂದೂ ಕೇಳಿ. ಮಾತು ತಪ್ಪಿದರೆ, ಸುಮ್ಮನಾಗಿಬಿಟ್ಟರೆ, ‘ನಮ್ಮಮ್ಮ ಹೀಗಿರಲಿಲ್ಲ’ ಎಂದು ಸಿಸ್ಟರ್‌ಗೆ ಗಟ್ಟಿಯಾಗಿ ಹೇಳಿ. ಮತ್ತೆ, ಕಾಯಿಲೆಗೆ ಹದಿನೈದು ದಿನ ಮುಂಚೆ ಅವರು ಏನು ಮಾಡುತ್ತಿದ್ದರು, ಏನನ್ನು ಬಿಟ್ಟಿದ್ದರು, ಯಾವ ಹಬ್ಬದಿಂದ ಬಿಟ್ಟರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರ ಕೈಗೆ ಕೊಡಿ. ಅವರು ಕೇಳದಿದ್ದರೂ ಕೊಡಿ.